ಪೈಪಿನ ಅಂಗಿ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಎಷ್ಟು ಹುಡುಕಿದರೂ ಒಂದೂ ತಪ್ಪು ಸಿಗುವುದಿಲ್ಲ ಎಂಬುದು ಖಚಿತವಾದದ್ದು ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ. ಖಚಿತವಾದ ಕೂಡಲೇ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಮೂರು ದಿನದಿಂದ ಸಲಹೆಗಾರನೊಬ್ಬ ಕಾರ್ಖಾನೆಯಲ್ಲಿ ಠಿಕಾಣಿ ಹೂಡಿದ್ದ. ಹೊಳೆಯುವ ಬೂಟು, ಕೊರಳಿಗೆ ನೇತುಬಿದ್ದ ಗುರುತಿನ ಚೀಟಿ, ಕೈಯಲ್ಲಿ ಪಿಸ್ತೂಲಿನಂಥದೊಂದು ಯಂತ್ರ. ಅದನ್ನು ಪೈಪಿಗೆ ಗುರಿಯಿಟ್ಟು ಒತ್ತಿದರೆ ಪೈಪು ಎಷ್ಟು ಬಿಸಿಯಿದೆ ಎಂದು ಅಂಕಿ ತೋರಿಸುತ್ತಿತ್ತು. ಆತ ಚಿಮಣಿಗೆ ಗುರಿಯಿಟ್ಟ, ಬಣ್ಣದ ತೊಟ್ಟಿಗಳಿಗೆ ಗುರಿಯಿಟ್ಟ, ಒಮ್ಮೆ ಮೈಮರೆತು ಕಲ್ಲಿದ್ದಲು ತಳ್ಳುವವನ ಬೋಳುತಲೆಗೂ ಗುರಿಯಿಟ್ಟ. ದೂರದ ಸಿರಿವಂತ ದೇಶಗಳದ್ದೊಂದು ನಿಧಿ ಇದೆಯಂತೆ. ನಮ್ಮಂಥ ದೇಶಗಳಲ್ಲಿ ಯಾರು ಹೊಗೆ ಕಡಿಮೆ ಮಾಡಲು ಮುಂದೆ ಬರುತ್ತಾರೋ ಅವರ ಕಾರ್ಖಾನೆಗೆ ಅದು ಬಂಡವಾಳ ಹಾಕುತ್ತದಂತೆ. ಇಲ್ಲಿ ಕಡಿಮೆಯಾದ ಹೊಗೆಯನ್ನು ಅಲ್ಲಿಯವರು ತಮ್ಮ ಪಾಲಿಗೆ ಬರೆದುಕೊಂಡು, ತಮ್ಮ ಹೊಗೆಯನ್ನು ನಿಶ್ಚಿಂತೆಯಿಂದ ಬಿಡಬಹುದಂತೆ. ಈ ದೇಶದಲ್ಲಿ ಅದಕ್ಕೆ ಎಲ್ಲೆಲ್ಲಿ ಎಷ್ಟೆಷ್ಟು ಅವಕಾಶವಿದೆ ಎಂದು ಹೇಳುವ ನುಣುಪು ಕಾಗದದ ದಪ್ಪ ಪುಸ್ತಕವೊಂದು ಸಲಹೆಗಾರನ ಚೀಲದಲ್ಲಿತ್ತು. ಅದರಲ್ಲಿ ಬಣ್ಣದ ಕಾರ್ಖಾನೆಗಳಿಗೇ ಒಂದು ಇಡೀ ಅಧ್ಯಾಯ. ಯಜಮಾನರು ಆ ಅಧ್ಯಾಯವನ್ನು ಮೂರು ಸಲ ಓದಿ, ಹಳೆಯ ಬಾಯ್ಲರನ್ನು ಗುಜರಿಗೆ ಹಾಕಿ ಹೊಸದನ್ನು ತರಿಸಿದಂತೆ ಕನಸನ್ನೂ ಕಂಡಿದ್ದರು.

"ಯಜಮಾನ್ರೇ, ನಿಮ್ಮ ಬಾಯ್ಲರ್ ಮನೆ ತುಂಬಾ ಚೆನ್ನಾಗಿದೆ," ಎಂದ ಸಲಹೆಗಾರ, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ. "ಅದೇ ತೊಂದರೆ."

"ಚೆನ್ನಾಗಿದ್ರೆ ಏನ್ರೀ ತೊಂದರೆ?"

"ಕಡಿಮೆ ಮಾಡ್ಬೇಕು ಅಂದ್ರೆ ಮೊದಲು ಜಾಸ್ತಿ ಇರ್ಬೇಕಲ್ವಾ? ಬೇರೆ ಕಾರ್ಖಾನೆಗಳಲ್ಲಿ ಪೈಪೆಲ್ಲ ಬೆತ್ತಲೆ. ತೊಟ್ಟಿಯಿಂದ ಬಂದ ಬಿಸಿನೀರು ಸೀದಾ ಚರಂಡಿಗೆ. ನಾವು ಹೋಗಿ ಸರಿಮಾಡಿದ್ರೆ ಹೊಗೆ ಅರ್ಧಕ್ಕರ್ಧ ಇಳಿಯುತ್ತೆ, ಆ ಅರ್ಧಕ್ಕೆ ನಿಧಿ ಬಂಡವಾಳ ಹಾಕುತ್ತೆ. ನಿಮ್ಮಲ್ಲಿ ಯಾರೋ ಇದನ್ನೆಲ್ಲಾ ಮೊದಲೇ ಮಾಡಿಬಿಟ್ಟಿದ್ದಾರೆ. ಮಾಡಿ ಮುಗಿದದ್ದಕ್ಕೆ ಏನೂ ಸಿಗಲ್ಲ. ಯಾರು ಮಾಡಿದ್ದು?"

ಬಾಗಿಲ ಹತ್ತಿರ ನಿಂತಿದ್ದ ಬಾಯ್ಲರಕ್ಕ ಮಸಿ ಹಿಡಿದ ಕೈಯನ್ನು ಮೇಲೆತ್ತಿದಳು, ಶಾಲೆಯ ಕಿಟಕಿ ಗಾಜು ಒಡೆದವಳು ಒಪ್ಪಿಕೊಂಡ ಹಾಗೆ.

ಅವಳಿಗೆ ಆ ಹೆಸರು ಬಿದ್ದು ಹನ್ನೆರಡು ವರ್ಷವಾಗಿತ್ತು. ಗಂಡ ಅದೇ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಜ್ವರ ಎಂದು ಮಲಗಿದವನು ಮತ್ತೆ ಏಳಲಿಲ್ಲ. ಆಗ ಬಟ್ಟೆ ಮಡಿಸುವ ವಿಭಾಗದಲ್ಲಿದ್ದ ಇವಳು "ನಾನು ಬಾಯ್ಲರ್ ಪರೀಕ್ಷೆಗೆ ಕೂರ್ತೀನಿ" ಎಂದಾಗ ಯಾರ್ಯಾರು ಹಲ್ಲುಬಿಟ್ಟಿದ್ದರೆಂದು ಅವಳಿಗೆ ಇವತ್ತಿಗೂ ನೆನಪಿದೆ. ಬೇಕಿದ್ದರೆ ಹಲ್ಲುಗಳನ್ನೂ ಎಣಿಸಿ ಹೇಳಿಯಾಳು. ಮೊದಲ ಸಲ ನಪಾಸಾದಳು. ಎರಡನೆಯ ಸಲ ಪರೀಕ್ಷಕರು, ಬಾಯ್ಲರಿನೊಳಗೆ ನೀರು ಕಣ್ಣಿಗೇ ಕಾಣದಷ್ಟು ಕೆಳಗಿಳಿದರೆ ಏನು ಮಾಡುತ್ತೀ ಎಂದು ಕೇಳಿದರು. "ಮೊದಲು ಬೆಂಕಿ ಎಳೆದು ಹೊರಗೆ ಹಾಕ್ತೀನಿ. ತಣ್ಣೀರಂತೂ ಬಿಡಲ್ಲ. ಬಿಟ್ರೆ ನಾನೂ ಇರಲ್ಲ, ಪ್ರಶ್ನೆ ಕೇಳೋಕೆ ನೀವೂ ಇರಲ್ಲ," ಎಂದಳು. ಪಾಸು ಮಾಡಿದರು.

ಬಾಯ್ಲರ್ ಮನೆಯಿಂದ ಬಣ್ಣದ ತೊಟ್ಟಿಗಳ ಶೆಡ್ಡಿಗೆ ಹಬೆ ಒಯ್ಯುವ ಪೈಪು ಅಂಗಳದ ಉದ್ದಕ್ಕೂ ಹಾದುಹೋಗುತ್ತದೆ, ಸರಿಯಾಗಿ ಮನುಷ್ಯರ ಮೊಣಕೈ ಎತ್ತರದಲ್ಲಿ. ಯಾವ ಪುಣ್ಯಾತ್ಮ ಆ ಎತ್ತರಕ್ಕೆ ಕೂರಿಸಿದನೋ! ಒದ್ದೆ ಬಟ್ಟೆಯ ಗಂಟು ಹೊತ್ತು ಓಡಾಡುವ ಹೆಂಗಸರಿಗೆ ದಾರಿ ಅದರ ಪಕ್ಕದಲ್ಲೇ. ತಲೆಯ ಮೇಲೆ ಗಂಟು, ಕಣ್ಣ ಮುಂದೆ ಹಬೆ. ಸ್ವಲ್ಪ ವಾಲಿದರೆ ತೋಳು ಪೈಪಿಗೆ ತಗುಲಿ ಚುರ್ ಎನ್ನುತ್ತಿತ್ತು. ಬಾಯ್ಲರಕ್ಕನ ಅತ್ತೆ ಆ ಕಾರ್ಖಾನೆಯ ಹೊಲಿಗೆ ಕೋಣೆಯಲ್ಲಿ ಮೂವತ್ತೆಂಟು ವರ್ಷ ದುಡಿದವರು. ಅವರ ಬಲತೋಳಿನಲ್ಲಿ ಅಂಗೈ ಅಗಲದ ಸುಟ್ಟ ಕಲೆ ಇದೆ. "ಕಾರ್ಖಾನೆ ನಂಗೆ ಕೊಟ್ಟ ಪದಕ," ಎಂದು ಅವರು ಅದನ್ನು ತೋರಿಸುತ್ತಾರೆ.

ಸೊಸೆ ಬಾಯ್ಲರಿಗೆ ಬಂದ ಮೊದಲ ವರ್ಷವೇ ಕಲ್ಲಿದ್ದಲಿನ ಬೂದಿಯನ್ನು ಜೇಡಿಮಣ್ಣಿಗೆ ಕಲಸಿ ಪೈಪಿಗೆಲ್ಲ ದಪ್ಪಗೆ ಮೆತ್ತಿದಳು. ಒಣಗಿತು, ಬಿರುಕುಬಿಟ್ಟಿತು, ಉದುರಿತು. ಮತ್ತೆ ಮೆತ್ತಿದಳು, ಮತ್ತೆ ಉದುರಿತು. ಆಗ ಅತ್ತೆ, "ಮಣ್ಣು ಬಳಿದ್ರೆ ಸಾಕಾ? ಮೈಮೇಲೆ ನಿಲ್ಲೋಕೆ ಒಂದು ಅಂಗಿ ಬೇಡ್ವಾ?" ಎಂದು ಸೂಜಿ ಹಿಡಿದು ಕುಳಿತರು. ಬಣ್ಣ ಕೆಟ್ಟು ಮೂಲೆಗೆ ಬಿದ್ದಿದ್ದ ದಪ್ಪ ಬಟ್ಟೆಯನ್ನು ಮೂರು ಪದರ ಮಾಡಿ, ಅಳತೆಗೆ ಕತ್ತರಿಸಿ, ಒಂದು ಮಗ್ಗುಲಿಗೆ ಕಟ್ಟುವ ಲಾಡಿ ಇಟ್ಟು ಹೊಲಿದರು. ಪೈಪು ರಿಪೇರಿಗೆ ಬಂದರೆ ಲಾಡಿ ಬಿಚ್ಚಿದರಾಯಿತು. ಬಾಗಿದ ಕಡೆಗೆ ಬೇರೆ ಅಳತೆ, ವಾಲ್ವ್ ಇರುವ ಕಡೆಗೆ ಕೊರಳಿದ್ದ ಅಂಗಿ. ಎರಡು ವರ್ಷದಲ್ಲಿ ಅರವತ್ತೆರಡು ಅಂಗಿಗಳಾದವು. ನೀಲಿ, ಕೆಂಪು, ಕೆಟ್ಟ ಹಸಿರು. "ನಿಮ್ಮ ಪೈಪಿಗಿರೋಷ್ಟು ಬಟ್ಟೆ ನಮಗಿಲ್ಲ ಕಣಕ್ಕಾ," ಎಂದು ತೊಟ್ಟಿಯ ಹೆಂಗಸರು ರೇಗಿಸುತ್ತಿದ್ದರು. ರೇಗಿಸುತ್ತಲೇ, ಗಂಟು ಹೊತ್ತು ಸಾಕಾದಾಗ ಅದೇ ಪೈಪಿಗೆ ಒರಗಿ ಉಸಿರು ಬಿಡುತ್ತಿದ್ದರು.

ಆಮೇಲೆ ಬಾಯ್ಲರಕ್ಕ ಗುಜರಿ ಪೈಪು ಜೋಡಿಸಿ, ಚರಂಡಿಗೆ ಹೋಗುತ್ತಿದ್ದ ಬಿಸಿನೀರನ್ನು ಮತ್ತೆ ಬಾಯ್ಲರಿಗೇ ತಿರುಗಿಸಿದಳು. ಉದ್ದನೆಯ ಕೋಲಿನ ಒಂದು ತುದಿ ವಾಲ್ವಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ, ಹಬೆ ಎಲ್ಲಿ ಸೋರುತ್ತಿದೆ ಎಂದು ಆಲಿಸಿ ಒಂದೊಂದನ್ನೇ ಮುಚ್ಚಿದಳು. ದಿನಕ್ಕೆ ಒಂಬತ್ತು ತಳ್ಳುಗಾಡಿ ಕಲ್ಲಿದ್ದಲು ನುಂಗುತ್ತಿದ್ದ ಬಾಯ್ಲರ್ ಐದೂವರೆಗೆ ಇಳಿಯಿತು. ಯಾರೂ ಬೆನ್ನು ತಟ್ಟಲಿಲ್ಲ. ವರ್ಷಕ್ಕೊಮ್ಮೆ ಬರುವ ಸರ್ಕಾರದ ಇನ್ಸ್‌ಪೆಕ್ಟರ್ ಮಾತ್ರ ಪುಸ್ತಕದಲ್ಲಿ "ಸರಿ ಇದೆ" ಎಂದು ಗೀಚಿ ಚಹಾ ಕುಡಿದು ಹೋಗುತ್ತಿದ್ದ. ಅಷ್ಟು ಸಾಕಾಗಿತ್ತು ಅವಳಿಗೆ.

ಈಗ ಸಲಹೆಗಾರ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಯಜಮಾನರ ಕಡೆ ಕುರ್ಚಿ ಎಳೆದುಕೊಂಡ.

"ನಾನಂತೂ ಏನೂ ಹೇಳ್ತಿಲ್ಲ," ಎಂದು ಶುರುಮಾಡಿದ. ಹಾಗೆ ಶುರುಮಾಡುವವರು ಎಲ್ಲವನ್ನೂ ಹೇಳಿಯೇ ಏಳುತ್ತಾರೆ. "ಗುರುವಾರ ನಿಧಿಯ ಕಡೆಯಿಂದ ಪರಿಶೀಲಕರು ಬರ್ತಾರೆ. ಅವತ್ತಿಂದ ಮೂವತ್ತು ದಿನ ಅಳತೆ. ಆ ಮೂವತ್ತು ದಿನ ಬಾಯ್ಲರ್ ಮನೆ ಹೇಗಿರುತ್ತೋ ಅದೇ ನಿಮ್ಮ ಹಳೇ ಸ್ಥಿತಿ ಅಂತ ಬರ್ಕೋತಾರೆ. ಅಷ್ಟು ದಿನ ಅಂಗಿ ಬಿಚ್ಚಿಟ್ಟು ನೀರು ಚರಂಡಿಗೆ ಬಿಟ್ರೆ, ಅಂಗಿ ಇರಲೇ ಇಲ್ಲ, ನೀರು ಮೊದಲಿಂದ ಚರಂಡಿಗೇ ಹೋಗ್ತಿತ್ತು ಅಂತ ಅರ್ಥ. ಮೂವತ್ತೊಂದನೇ ದಿನದಿಂದ ಹೊಸ ತಂತ್ರಜ್ಞಾನ."

"ಬಾಯ್ಲರ್ ಮನೆಯ ಹಳೇ ಪುಸ್ತಕ ಕೇಳಿದ್ರೆ?" ಎಂದರು ಯಜಮಾನರು.

"ಗೆದ್ದಲು ಹಿಡೀತು ಅನ್ನಿ. ಗೆದ್ದಲು ಬಂದು ಇಲ್ಲ ಅನ್ನುತ್ತಾ? ಒಂದೇ ಒಂದು ಕೆಲಸ. 'ಇದು ಎಂದಿನ ಸ್ಥಿತಿ' ಅಂತ ಬಾಯ್ಲರ್ ಸರ್ಟಿಫಿಕೇಟ್ ಇರೋರು ಪರಿಶೀಲಕರ ಕಾಗದಕ್ಕೆ ಸಹಿ ಹಾಕ್ಬೇಕು."

ಇಬ್ಬರೂ ಬಾಯ್ಲರಕ್ಕನ ಕಡೆ ತಿರುಗಿದರು. ಅವಳು ಬಾಯಿ ತೆರೆಯುವ ಮೊದಲೇ ಯಜಮಾನರು ಕೈ ಅಡ್ಡ ಹಿಡಿದು, "ಈಗ್ಲೇ ಏನೂ ಹೇಳ್ಬೇಡಮ್ಮ. ಮನೆಗೆ ಹೋಗಿ ಯೋಚನೆ ಮಾಡು," ಎಂದರು. ಅವರು ಕೆಟ್ಟವರೇನಲ್ಲ. ಬಾಯ್ಲರಿಗೆ ಅವರ ತಂದೆಯ ವಯಸ್ಸಾಗಿತ್ತು, ಅದು ಇನ್ನೆಷ್ಟು ದಿನ ಎಂಬ ಚಿಂತೆ ಅವರನ್ನು ತಿನ್ನುತ್ತಿತ್ತು. ಆದರೆ ಹೊಸದರ ಆಸೆ ಹತ್ತಿದ ಮೇಲೆ ಒಳ್ಳೆಯವರ ಕಣ್ಣಿಗೂ ಮಂಜು ಕವಿಯುತ್ತದೆ. "ಸಹಿ ಹಾಕೋಕೆ ಮನಸ್ಸಿಲ್ವಾ, ಒಂದು ತಿಂಗಳು ಸಂಬಳದ ರಜೆ ತಗೋ. ಎರಡನೇ ಪಾಳಿಯ ಗುಬ್ಬಿಗೂ ಸರ್ಟಿಫಿಕೇಟ್ ಇದೆ, ಅವನು ಹಾಕ್ತಾನೆ. ಅದೂ ಬೇಡ, ಇದೂ ಬೇಡ ಅಂದ್ರೆ... ನನ್ನ ಬಾಯಲ್ಲಿ ಹೇಳಿಸ್ಬೇಡ."

ಹೇಳಿಸುವ ಅಗತ್ಯವಿರಲಿಲ್ಲ. ಸುತ್ತಲಿನ ಯಾವ ಕಾರ್ಖಾನೆಯೂ ಹೆಂಗಸಿನ ಕೈಗೆ ಬಾಯ್ಲರ್ ಕೊಡುವುದಿಲ್ಲ. ಇಲ್ಲಿಂದ ಹೊರಬಿದ್ದರೆ ಅವಳ ಸರ್ಟಿಫಿಕೇಟು ಗೋಡೆಗೆ ನೇತುಹಾಕುವುದಕ್ಕೆ ಮಾತ್ರ.

ಸಂಜೆ ಮೈದುನ ಮನೆಗೆ ಬಂದ. ಅದೇ ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುವವನು, ಎರಡು ಮನೆಯಾಚೆ ಇರುವವನು. ಯಜಮಾನರು ಅವನನ್ನು ಕರೆಸಿ ಕಿವಿಯೂದಿದ್ದರೆಂಬುದು ಅವನು ಚಪ್ಪಲಿ ಬಿಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅತ್ತೆ ಮಂಚದ ಮೇಲೆ ಕೂತು ದಿಂಬಿನ ಗವಸಿಗೆ ತೇಪೆ ಹಾಕುತ್ತಿದ್ದರು.

"ಅತ್ತಿಗೇ, ನಾನು ಜಗಳಕ್ಕೆ ಬಂದಿಲ್ಲ," ಎಂದ.

"ಬಂದಿದ್ರೂ ಪರವಾಗಿಲ್ಲ, ಕೂತ್ಕೊಂಡು ಮಾಡು," ಎಂದಳು ಅವಳು.

"ನಾನು ಹೇಳೋದಿಷ್ಟೇ. ಆ ದೇಶದೋರು ಇನ್ನೂರು ವರ್ಷದಿಂದ ಆಕಾಶಕ್ಕೆ ಮಸಿ ಬಳಿದ್ರು. ಯಾರಾದ್ರೂ ಕೇಳಿದ್ರಾ? ಈಗ ಅವರ ಹತ್ರ ಒಂದು ಸುಳ್ಳು ಹೇಳಿ ನಾಲ್ಕು ಕಾಸು ಕಿತ್ಕೊಂಡ್ರೆ ಏನು ಪಾಪ? ಅವರದ್ದೇ ಬಾಕಿ, ನಾವು ವಸೂಲು ಮಾಡ್ತಿದೀವಿ, ಅಷ್ಟೇ."

ಮಾತು ಅವಳಿಗೆ ನಾಟಿತು. ಅದರಲ್ಲಿ ನಿಜವಿತ್ತು, ಅದಕ್ಕೇ ಸಿಟ್ಟು ಬಂತು.

"ಬಾಕಿ ಇದ್ರೆ ಎದೆ ಸೆಟೆಸಿ ಕೇಳೋಣ ಕಣೋ. ನೀವು ಹೊಗೆ ಬಿಟ್ಟಿರಿ, ನಾವು ಯಾರೂ ಹೇಳದೇನೇ ನಿಲ್ಲಿಸಿದ್ವಿ, ಅದಕ್ಕೆ ಕೊಡಿ ಅಂತ ಕೇಳೋಣ. ನಾವೇ ಕೊಳಕರು, ನಮಗೇನೂ ಗೊತ್ತಿಲ್ಲ, ನೀವು ಬಂದು ಕಲಿಸಿ ಅಂತ ಕೈಚಾಚೋದು ಯಾವ ಸೀಮೆ ವಸೂಲಿ? ಸುಳ್ಳು ಅವರ ಮೇಲೆ ಹೇಳ್ತಿಲ್ಲ ನೀನು. ನನ್ನ ಮೇಲೆ ಹೇಳ್ತಿದೀಯ. ನಿನ್ನ ಅಮ್ಮನ ಮೇಲೆ ಹೇಳ್ತಿದೀಯ."

"ಹಾಗಾದ್ರೆ ರಜೆ ತಗೊಳ್ಳಿ. ಸಹಿ ಹಾಕಿದ ಪಾಪ ಗುಬ್ಬಿಗೆ, ಸಂಬಳ ನಿಮಗೆ."

ಸುಳ್ಳೇಕೆ, ಮಧ್ಯಾಹ್ನದಿಂದ ಬಾಯ್ಲರಕ್ಕನ ಮನಸ್ಸು ಆ ರಜೆಯ ಸುತ್ತಲೇ ಸುಳಿದಾಡುತ್ತಿತ್ತು. ಹನ್ನೆರಡು ವರ್ಷದಲ್ಲಿ ಒಂದು ವಾರ ಒಟ್ಟಿಗೆ ರಜೆ ಕಂಡವಳಲ್ಲ. ತಿಂಗಳು ಕಣ್ಣು ಮುಚ್ಚಿಕೊಂಡರೆ ಎಲ್ಲರೂ ಗೆದ್ದ ಹಾಗೆ. ತನ್ನ ಕೈಗಂತೂ ಮಸಿ ಹತ್ತುವುದಿಲ್ಲ. ಅಂಗಿ ಹೋದರೆ ಮತ್ತೆ ಹೊಲಿದರಾಯಿತು. ಹೀಗೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡು ಅವಳು ಅರ್ಧ ಒಪ್ಪಿಯೂ ಆಗಿತ್ತು.

ಅತ್ತೆ ದಾರ ಎಳೆದು ಗಂಟು ಹಾಕಿದರು.

"ಅಂಗಿ ಬಿಚ್ಚಿದ ಮೇಲೆ ಆ ಮೂವತ್ತು ದಿನ ಅಂಗಳದಲ್ಲಿ ಗಂಟು ಹೊರೋದು ಯಾರು?" ಎಂದು ಕೇಳಿದರು.

ಮೈದುನ ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಯ ಕಡೆ ನೋಡಿದ.

"ಅಲ್ಲಾ, ಕೇಳ್ತಿದೀನಿ. ಈಗಿರೋ ಹೆಣ್ಮಕ್ಕಳಿಗೆ ಆ ಪೈಪು ಸುಡುತ್ತೆ ಅಂತಾನೇ ಗೊತ್ತಿಲ್ಲ. ಒರಗಿ ಒರಗಿ ಅಭ್ಯಾಸ ಆಗಿದೆ. ಮೊದಲನೇ ದಿನ ಬೆಳಗ್ಗೆನೂ ಒರಗ್ತಾರೆ." ಅವರು ಮಗನ ಕಡೆಗಾಗಲಿ ಸೊಸೆಯ ಕಡೆಗಾಗಲಿ ನೋಡದೆ ಸೂಜಿಗೆ ಮತ್ತೆ ದಾರ ಪೋಣಿಸಿದರು. "ನಂದು ಬಲತೋಳು. ಒಬ್ಬಳಿಗೆ ಕೆನ್ನೆಯೇ ತಗುಲಿತ್ತು. ಅವಳ ಮದುವೆ ಮುರಿದುಹೋಯ್ತು."

ಬಾಯ್ಲರಕ್ಕ ಮಸಿ ಹಿಡಿದ ತನ್ನ ಕೈಯನ್ನು ನೋಡಿಕೊಂಡಳು. ತಾನು ಯೋಚಿಸುತ್ತಿದ್ದುದು ತನ್ನ ಕೈ, ತನ್ನ ಸಹಿ, ತನ್ನ ಮಾನ. ಒರಗುವವರ ತೋಳು ತಲೆಗೇ ಬಂದಿರಲಿಲ್ಲ. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು, ಆ ನಾಚಿಕೆ ನೋಡನೋಡುತ್ತಲೇ ಸಿಟ್ಟಾಗಿ ತಿರುಗಿತು.

"ಯಜಮಾನ್ರಿಗೆ ಹೇಳು," ಎಂದಳು ಮೈದುನನಿಗೆ. "ರಜೆ ಬೇಡ. ಗುರುವಾರ ಬೆಳಗ್ಗೆ ಪಾಳಿ ನಂದೇ."

ಅವನು ಬಾಗಿಲವರೆಗೆ ಹೋಗಿ ತಿರುಗಿ ನೋಡಿದ. "ಕೆಲಸ ಹೋಗುತ್ತೆ ಅತ್ತಿಗೇ."

"ಹೋದ್ರೆ ನಿನ್ನ ಮನೇಲಿ ಎರಡು ಹೊತ್ತು ಊಟ ಮಾಡ್ತೀನಿ. ನಿನ್ನ ಹೆಂಡತಿಗೆ ಈಗ್ಲೇ ಹೇಳಿಡು."

ಗುರುವಾರ ಬೆಳಗ್ಗೆ ಎಂಟಕ್ಕೆ ಬಾಯ್ಲರಿನ ಒತ್ತಡದ ಮುಳ್ಳು ಎಂದಿನಂತೆ ಆರರ ಗೆರೆಯ ಮೇಲೆ ನಿಂತಿತ್ತು. ಅತ್ತೆ ಸೂಜಿದಾರದ ಡಬ್ಬಿ ಹಿಡಿದು ಸೊಸೆಯ ಜೊತೆಗೇ ಬಂದಿದ್ದರು. ಕಾವಲುಗಾರ ತಡೆದದ್ದಕ್ಕೆ, "ನಿನ್ನಪ್ಪ ಈ ಗೇಟಿಗೆ ಬರೋ ಮುಂಚೆಯಿಂದ ನಾನು ಇಲ್ಲಿ ಓಡಾಡ್ತಿದೀನಿ, ಸರಿ ಪಕ್ಕಕ್ಕೆ," ಎಂದು ಒಳಗೆ ಬಂದು ಅಂಗಳದ ಕಲ್ಲಿನ ಮೇಲೆ ಕುಳಿತಿದ್ದರು. ಎಂಟೂಕಾಲಿಗೆ ಯಜಮಾನರು ಗುಬ್ಬಿಯನ್ನು ಜೊತೆಗೆ ಕರೆದುಕೊಂಡು ಬಾಯ್ಲರ್ ಮನೆಗೆ ಬಂದರು. ಗುಬ್ಬಿ ಹೆಸರಿಗೆ ತಕ್ಕಂತೆ ಪುಟ್ಟ ಆಳು, ನಲವತ್ತು ದಾಟಿದವನು, ಬಾಯ್ಲರಕ್ಕನ ಕೈಕೆಳಗೆ ಕಲಿತು ಸರ್ಟಿಫಿಕೇಟು ಪಡೆದವನು. ಅವನು ನೆಲ ನೋಡುತ್ತಿದ್ದ.

"ಪರಿಶೀಲಕರು ಒಂಬತ್ತಕ್ಕೆ ಬರ್ತಾರೆ," ಎಂದರು ಯಜಮಾನರು. "ಸಹಿ ಹಾಕ್ತೀಯೋ ಇಲ್ವೋ?"

"ಇಲ್ಲ."

"ಹಾಗಾದ್ರೆ ಬಾಯ್ಲರನ್ನ ಇವನಿಗೆ ಒಪ್ಪಿಸಿ ಹೊರಡು. ಇವತ್ತಿಂದ ನೀನು ಇಲ್ಲಿಲ್ಲ."

ಅವಳು ಕೈ ಒರೆಸಿಕೊಂಡು, ಮೇಜಿನ ಮೇಲಿದ್ದ ದೊಡ್ಡ ಪುಸ್ತಕ ತೆರೆದಳು. ಅದು ಸರ್ಕಾರದ ಮೊಹರು ಬಿದ್ದ, ಪುಟಕ್ಕೆ ನಂಬರು ಹಾಕಿದ ಪುಸ್ತಕ. ಒಂದು ಹಾಳೆ ಹರಿದರೂ ಜೈಲು. ಬೆಂಕಿಯಿರುವ ಬಾಯ್ಲರನ್ನು ಒಬ್ಬರು ಬಿಟ್ಟು ಹೋಗುವಾಗ, ಯಾವ ಸ್ಥಿತಿಯಲ್ಲಿ ಬಿಟ್ಟೆ ಎಂದು ಅದರಲ್ಲಿ ಬರೆಯಬೇಕು. ತೆಗೆದುಕೊಳ್ಳುವವರು ಓದಿ ಸಹಿ ಹಾಕಬೇಕು. ಅಲ್ಲಿಯವರೆಗೆ ಮೊದಲಿನವರು ಬಾಯ್ಲರ್ ಬಿಟ್ಟು ಕದಲುವ ಹಾಗಿಲ್ಲ. ಇದು ಅವಳು ಮಾಡಿದ ಕಾನೂನಲ್ಲ, ಪರೀಕ್ಷೆಗೆ ಬಾಯಿಪಾಠ ಮಾಡಿದ ಕಾನೂನು.

ಬರೆದಳು: ಒತ್ತಡ ಆರು. ನೀರು ಸರಿಯಾಗಿದೆ. ಅರವತ್ತೆರಡು ಅಂಗಿಗಳೂ ಪೈಪಿನ ಮೇಲಿವೆ. ಬಿಸಿನೀರು ಪೂರ್ತಿ ವಾಪಸು ಬರುತ್ತಿದೆ. ಹೀಗಿರುವ ಬಾಯ್ಲರನ್ನು ಒಪ್ಪಿಸಿದ್ದೇನೆ.

ಪೆನ್ನನ್ನು ಗುಬ್ಬಿಯ ಕಡೆ ಚಾಚಿದಳು. "ತಗೋ."

ಗುಬ್ಬಿ ಓದಿದ. ತುಟಿ ಅಲುಗಾಡಿಸುತ್ತ ಮತ್ತೊಮ್ಮೆ ಓದಿದ. "ಯಜಮಾನ್ರೇ, ಇದಕ್ಕೆ ಸಹಿ ಹಾಕಿದ ಮೇಲೆ ನಾನು ಒಂದು ಅಂಗಿ ಬಿಚ್ಚಿದ್ರೂ, ಯಾಕೆ ಬಿಚ್ಚಿದೆ ಅಂತ ಇನ್ಸ್‌ಪೆಕ್ಟರ್ ನನ್ನ ಕುತ್ತಿಗೆ ಹಿಡೀತಾನೆ."

"ಅವಳು ಬೇರೆ ಥರ ಬರೀತಾಳೆ. ಬರಿಯಮ್ಮ ಬೇರೆ ಥರ."

"ಇದ್ದದ್ದು ಬರೆದಿದೀನಿ. ಇಲ್ಲದ್ದು ಬರೆಯೋಕೆ ಪೆನ್ನು ನಿಮ್ಮ ಹತ್ರಾನೂ ಇದೆಯಲ್ಲ," ಎಂದಳು ಬಾಯ್ಲರಕ್ಕ.

ಗುಬ್ಬಿ ಪೆನ್ನನ್ನು ಪುಸ್ತಕದ ಮಧ್ಯೆ ಮೆಲ್ಲಗೆ ಇಟ್ಟ. "ನಂಗೂ ಇಬ್ಬರು ಹೆಣ್ಮಕ್ಕಳು ತೊಟ್ಟಿ ಕೆಲಸಕ್ಕೆ ಬರ್ತಾರೆ ಯಜಮಾನ್ರೇ," ಎಂದ. ಕಲ್ಲಿದ್ದಲಿನ ರಾಶಿಯ ಕಡೆ ಹೋಗಿ ಬೆನ್ನು ಮಾಡಿ ನಿಂತುಕೊಂಡ.

ಯಜಮಾನರ ಮುಖ ಕುಲುಮೆಯ ಬಾಯಿಯ ಹಾಗೆ ಕೆಂಪಾಯಿತು. ತಂದೆಯ ಕಾರ್ಖಾನೆ, ತನ್ನ ಬಾಯ್ಲರ್, ತನ್ನ ಪೈಪು. ತನ್ನ ಮಾತಿಗೆ ಇಬ್ಬರೂ ಸೊಪ್ಪು ಹಾಕಲಿಲ್ಲ. "ನೀವ್ಯಾರೂ ಬೇಡ, ನನಗೂ ಕೈಯಿದೆ," ಎಂದು ಗುಡುಗಿ ಅಂಗಳಕ್ಕೆ ನುಗ್ಗಿ, ಮೊದಲು ಕೈಗೆ ಸಿಕ್ಕಿದ ಅಂಗಿಯ ಲಾಡಿಗಳನ್ನು ಕೀಳತೊಡಗಿದರು. ಅತ್ತೆ ಕಟ್ಟಿದ ಗಂಟುಗಳು ಸುಲಭಕ್ಕೆ ಬಿಚ್ಚುವಂಥವಲ್ಲ. ಎರಡು ಲಾಡಿ ಬಿಚ್ಚಿಕೊಂಡವು, ಒಂದು ಹರಿಯಿತು. ಬೂದಿಯ ಗಾರೆ ಪುಡಿಪುಡಿಯಾಗಿ ಅವರ ಬಿಳಿ ಶರ್ಟಿನ ಮೇಲೆ ಉದುರಿತು.

ಬಾಯ್ಲರಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಬೆಂಕಿ ಎಳೆಯುವ ಉದ್ದನೆಯ ಕಬ್ಬಿಣದ ಕೊಕ್ಕೆ ಇತ್ತು.

"ಯಜಮಾನ್ರೇ, ಅದೊಂದು ಬಿಚ್ಚಿದ್ರಿ. ಎರಡನೇದಕ್ಕೆ ಕೈ ಹಾಕಿದ್ರೆ ನಾನು ಬೆಂಕಿ ಎಳೆದು ಹೊರಗೆ ಹಾಕ್ತೀನಿ. ಅಪಾಯ ಕಂಡ್ರೆ ಎಳೆಯೋ ಅಧಿಕಾರ ನನ್ನ ಸರ್ಟಿಫಿಕೇಟಲ್ಲಿದೆ. ಏಳು ತೊಟ್ಟಿಯಲ್ಲಿ ಬಟ್ಟೆ ಬೇಯ್ತಿದೆ. ಹಬೆ ನಿಂತ್ರೆ ಅರ್ಧ ಗಂಟೇಲಿ ಅಷ್ಟೂ ಮಚ್ಚೆ ಮಚ್ಚೆ. ನೋಡಿ, ನಿಮ್ಮಿಷ್ಟ."

ತೊಟ್ಟಿಯ ಹೆಂಗಸರು ಗಂಟುಗಳನ್ನು ಹೊತ್ತಿದ್ದ ಹಾಗೆಯೇ ನಿಂತುಬಿಟ್ಟರು. ಸರಿಯಾಗಿ ಆ ಹೊತ್ತಿಗೆ ಗೇಟಿನ ಕಡೆಯಿಂದ ಸಲಹೆಗಾರ, ಅವನ ಹಿಂದೆ ಕನ್ನಡಕದ ಹಿರಿಯರೊಬ್ಬರು ಬಂದರು. ಪರಿಶೀಲಕರು ಹೇಳಿದ್ದಕ್ಕಿಂತ ಕಾಲು ಗಂಟೆ ಮುಂಚೆಯೇ ಬಂದಿದ್ದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು, ಕಾರ್ಖಾನೆಯ ಮಾಲೀಕರು ನೀಲಿ ಬಣ್ಣದ ದಪ್ಪ ಅಂಗಿಯೊಂದನ್ನು ಎದೆಗವುಚಿಕೊಂಡು ಮೈಯೆಲ್ಲ ಬೂದಿಯಾಗಿ ನಿಂತಿರುವ ದೃಶ್ಯ.

"ಅದೇನದು?" ಎಂದು ಕೇಳಿದರು.

ಯಜಮಾನರು ಅಂಗಿಯನ್ನು ನೋಡಿದರು. "ಇದು... ಒಗೆಯೋಕೆ," ಎಂದರು.

ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಸಲಹೆಗಾರ ಏನೋ ಹೇಳಲು ಬಾಯಿ ತೆರೆದ, ಆದರೆ ಬಾಯ್ಲರಕ್ಕ ಆಗಲೇ ಅಂಗಳಕ್ಕೆ ಇಳಿದಿದ್ದಳು. ಸುತ್ತಿಬಳಸದೆ ಎಲ್ಲವನ್ನೂ ಹೇಳಿದಳು: ಅಂಗಿಯನ್ನು ಯಾರು ಹೊಲಿದರು, ಯಾವ ವರ್ಷ, ಯಾಕೆ. ಮೂವತ್ತು ದಿನ ಬಿಚ್ಚಿಡಬೇಕೆಂದು ಯಾರು ಹೇಳಿದರು. ಹೇಳುವಾಗ ಸಲಹೆಗಾರನ ಕಡೆ ಬೆರಳು ತೋರಿಸುವುದನ್ನೂ ಮರೆಯಲಿಲ್ಲ. ಅವನು ತನ್ನ ಬೂಟನ್ನೇ ಮೊದಲ ಸಲ ನೋಡುತ್ತಿರುವಂತೆ ನೋಡಿಕೊಂಡ.

ಪರಿಶೀಲಕರು ಅವನ ಕೈಯಿಂದ ಪಿಸ್ತೂಲಿನ ಯಂತ್ರ ತೆಗೆದುಕೊಂಡು ಬರಿಮೈಯ ಪೈಪಿಗೆ ಗುರಿಯಿಟ್ಟರು. ನೂರೈವತ್ತೆಂಟು. ಪಕ್ಕದ ಕೆಂಪು ಅಂಗಿಗೆ ಗುರಿಯಿಟ್ಟರು. ನಲವತ್ತೊಂದು. ನಂಬಿಕೆ ಬರದೆ ಅದರ ಮೇಲೆ ಅಂಗೈಯನ್ನೇ ಇಟ್ಟು ನೋಡಿದರು. ಬಾಯ್ಲರ್ ಮನೆಗೆ ಹೋಗಿ ಹನ್ನೆರಡು ವರ್ಷದ ಪುಸ್ತಕಗಳನ್ನು ತೆರೆಸಿದರು. ಯಾವುದಕ್ಕೂ ಗೆದ್ದಲು ಹಿಡಿದಿರಲಿಲ್ಲ. ಇಡೀ ಗಂಟೆ ಅವರು ಓದುತ್ತ ಕುಳಿತಿದ್ದರು. ಹೊರಗೆ ಬಂದಾಗ ಅವರ ಮುಖದಲ್ಲಿ ಮೆಚ್ಚುಗೆಯೂ ಇತ್ತು, ಸಂಕಟವೂ ಇತ್ತು.

"ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಎಲ್ಲೂ ನೋಡಿಲ್ಲಮ್ಮ," ಎಂದರು. "ಆದ್ರೆ ನಾನು ಏನೂ ಮಾಡೋ ಹಾಗಿಲ್ಲ. ನಿಧಿ ಇರೋದು ಇನ್ನೂ ಆಗದೇ ಇರೋ ಕೆಲಸಕ್ಕೆ. ಆಗಿರೋದಕ್ಕೆ ನಮ್ಮಲ್ಲಿ ಕಾಲಮ್ಮೇ ಇಲ್ಲ."

"ಅಂದ್ರೆ, ಕೊಳೆಯಾಗಿರೋರಿಗೆ ಸೋಪು ಕೊಡ್ತೀರಿ. ಮೊದಲೇ ಮೈ ತೊಳ್ಕೊಂಡೋರು ಕೆಸರಲ್ಲಿ ಹೊರಳಾಡಿ ಬರ್ಬೇಕಾ?"

"ನಿಯಮ ನಾನು ಮಾಡಿದ್ದಲ್ಲಮ್ಮ."

"ಬಾಯ್ಲರ್ ಕೂಡ ನಾನು ಮಾಡಿದ್ದಲ್ಲ ಸ್ವಾಮಿ. ಆದ್ರೆ ಸೋರ್ತಿದೆ ಅಂತ ಕಂಡ್ರೆ ಸರಿಮಾಡೋದು ನಾನೇ. ನಿಮ್ಮ ನಿಯಮ ಸೋರ್ತಿದೆ. ಹೋಗಿ ಹೇಳಿ ಅವರಿಗೆ."

ಪರಿಶೀಲಕರು ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ಕುಳಿತಿದ್ದ ಕಲ್ಲಿನ ಪಕ್ಕದಲ್ಲೇ ನಿಂತು ತಮ್ಮ ಕಾಗದಕ್ಕೆ ಏನೋ ಬರೆದು ಮಡಿಸಿದರು.

"ಹೋಯ್ತು," ಎಂದರು ಯಜಮಾನರು. ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಎಲ್ಲಾ ಹೋಯ್ತು. ಪಕ್ಕದ ರಸ್ತೆಯವನ ಪೈಪು ಬೆತ್ತಲೆ, ಅವನಿಗೆ ಹೊಸ ಬಾಯ್ಲರ್ ಬರುತ್ತೆ. ನಂಗೆ ಇದು." ಕೈಯಲ್ಲಿದ್ದ ಅಂಗಿಯನ್ನು ಎತ್ತಿ ತೋರಿಸಿದರು. "ನೀನೂ ಹೋಗಮ್ಮ. ಇನ್ನೇನು ಉಳಿದಿದೆ ಇಲ್ಲಿ."

"ಯಾರಿಗೆ ಒಪ್ಪಿಸಿ ಹೋಗ್ಲಿ?"

ಯಜಮಾನರು ಗುಬ್ಬಿಯನ್ನು ನೋಡಿದರು. ಗುಬ್ಬಿ ಚಿಮಣಿಯ ತುದಿಯನ್ನು ನೋಡಿದ. ಬೇರೆ ಸರ್ಟಿಫಿಕೇಟಿನವರು ಯಾರೂ ಇರಲಿಲ್ಲ. ಅತ್ತೆ ಎದ್ದು ಬಂದು ಕೈ ಚಾಚಿದರು. "ಕೊಡಿ ಇಲ್ಲಿ. ಲಾಡಿ ಹರಿದಿದೀರಿ." ಯಜಮಾನರು ಮರುಮಾತಿಲ್ಲದೆ ಅಂಗಿಯನ್ನು ಅವರ ಕೈಗಿಟ್ಟರು, ಬಾಯ್ಲರಕ್ಕನ ಕಡೆ ನೋಡದೆ, "ಮುಳ್ಳು ಇಳಿದಿರ್ಬೇಕು, ಕಲ್ಲಿದ್ದಲು ಹಾಕು ಹೋಗು," ಎಂದರು.

ಅವಳು ಹೋಗಲಿಲ್ಲ. ಪರಿಶೀಲಕರ ಮುಂದೆ ನಿಂತಳು.

"ನಮ್ಮ ಬಗ್ಗೆ ಏನು ಬರೆದ್ರಿ? ಓದಿ."

"ಬೇಡಮ್ಮ. ಅದು ಬರೀ ಆಫೀಸಿನ ಭಾಷೆ. ಬೇಜಾರಾಗುತ್ತೆ."

"ಓದಿ."

ಅವರು ಕಾಗದ ಬಿಡಿಸಿ ಗಂಟಲೊಳಗೇ ಓದಿದರು. "ಈ ಸ್ಥಳ ಬಂಡವಾಳಕ್ಕೆ ಅರ್ಹವಲ್ಲ. ಇಲ್ಲಿ ಕಡಿಮೆ ಮಾಡಲು ಏನೂ ಉಳಿದಿಲ್ಲ."

ಹನ್ನೆರಡು ವರ್ಷ ಕೋಲಿಗೆ ಕಿವಿ ಹಚ್ಚಿ ಬಾಯ್ಲರಕ್ಕ ಹುಡುಕಿದ್ದು ಈ ಮಾತನ್ನೇ, ಬೇರೆ ಯಾವುದನ್ನೂ ಅಲ್ಲ.

"ಇನ್ನೊಂದ್ಸಲ ಓದಿ," ಎಂದಳು. "ಗಟ್ಟಿಯಾಗಿ ಓದಿ ಸ್ವಾಮಿ. ಅಂಗಿ ಹೊಲಿದೋರು ಇಲ್ಲೇ ನಿಂತಿದಾರೆ."

ಪರಿಶೀಲಕರು ಅವಳನ್ನು ನೋಡಿದರು, ಕಲೆಯ ತೋಳಿನ ಮುದುಕಿಯನ್ನು ನೋಡಿದರು, ಗಂಟು ಹೊತ್ತು ನಿಂತ ಹೆಂಗಸರನ್ನು ನೋಡಿದರು. ನೆಟ್ಟಗೆ ನಿಂತು, ತೊಟ್ಟಿಗಳ ಶೆಡ್ಡಿನವರೆಗೂ ಕೇಳುವ ಹಾಗೆ ಓದಿದರು: "ಇಲ್ಲಿ ಕಡಿಮೆ ಮಾಡಲು ಏನೂ ಉಳಿದಿಲ್ಲ."

ಅತ್ತೆ ಲಾಡಿಯ ದಾರವನ್ನು ಹಲ್ಲಿನಲ್ಲಿ ಕಡಿದರು.

"ಅದನ್ನ ಕಂಡುಹಿಡಿಯೋಕೆ ಅಷ್ಟು ದೂರದಿಂದ ಬಂದ್ರಾ?" ಎಂದು, ಬರಿಮೈಯ ಪೈಪಿಗೆ ಅಂಗಿ ತೊಡಿಸತೊಡಗಿದರು.